ಗೋಲ್‌ಪೋಸ್ಟಿನ ಹಿಂದಿನ ಮನೆ

ಕಾಲೇಜು ಕ್ವಾರ್ಟರ್ಸ್,
ಗುರುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ನಿನ್ನ ಪತ್ರ ಮೊನ್ನೆ ಕೈಸೇರಿತು. ಭಾನುವಾರ ಹತ್ತು ಗಂಟೆಗೆ ಗಾಡಿ ತರುತ್ತೇನೆ, ನಿನ್ನ ಬಟ್ಟೆಬರೆ ಮಾತ್ರ ಕಟ್ಟಿಡು, ಅಪ್ಪ ಬೇಕಾದರೆ ಅವರ ತಮ್ಮನ ಮನೆಗೆ ಹೋಗಲಿ ಎಂದು ಬರೆದಿದ್ದೀಯ. ನಿಮ್ಮಪ್ಪ ರಿಟೈರಾದ ಮೇಲೂ ಕಾಲೇಜಿನವರು ನಮಗೇ ಬಿಟ್ಟಿದ್ದ ಈ ಮನೆಯನ್ನು ಹೇಗೂ ಈ ತಿಂಗಳ ಕೊನೆಗೆ ಕೆಡವುತ್ತಾರೆ. ನೀನು ಬರೆದದ್ದನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅವಳು ಹೇಳೋದು ಸರಿಯಾಗೇ ಇದೆ, ನೀನು ಹೋಗು ಅಂದರು. ಮತ್ತೆ ಬೂಟಿಗೆ ಪಾಲಿಶ್ ಹಚ್ಚುತ್ತಾ ಕೂತರು.

ಈ ನಡುವೆ ಇನ್ನೊಂದು ಫಜೀತಿ. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಐವತ್ತು ವರ್ಷ ತುಂಬಿತೆಂದು ಪುಸ್ತಕ ತರುತ್ತಾರಂತೆ. ಪ್ರಿನ್ಸಿಪಾಲರು ಮನೆಗೇ ಬಂದು, ಕೋಚ್ ಸಾಹೇಬರು ತಂಡದ ಚರಿತ್ರೆ ಬರೆದುಕೊಡಬೇಕು ಅಂದರು. ನನಗೆ ಸೀಟಿ ಊದೋಕೆ ಬರುತ್ತೆ, ಪೆನ್ನು ಹಿಡಿಯೋಕೆ ಬರಲ್ಲ ಎಂದು ಇವರು ಕೈತೊಳೆದುಕೊಂಡರು. ಕೆಲಸ ನನ್ನ ತಲೆಗೆ ಬಂತು. ಮೂರು ದಿನದಿಂದ ಬರೆಯುತ್ತಿದ್ದೇನೆ. ಆ ಪುಸ್ತಕದಲ್ಲಿ ಹಾಕಲಾಗದ ಮಾತುಗಳೇ ಜಾಸ್ತಿ ಬರುತ್ತಿವೆ. ಅವನ್ನು ನಿನಗೆ ಬರೆಯುತ್ತೇನೆ.

ತಂಡ ಹುಟ್ಟಿ ನಾಲ್ಕನೆಯ ವರ್ಷಕ್ಕೆ ನಾನು ಮದುವೆಯಾಗಿ ಇಲ್ಲಿಗೆ ಬಂದೆ. ಬಾಗಿಲು ತೆಗೆದರೆ ಎದುರಿಗೆ ಗೋಲ್‌ಪೋಸ್ಟಿನ ಬೆನ್ನು. ಬೀದಿ ಎಲ್ಲಿ ಎಂದು ಕೇಳಿದ್ದಕ್ಕೆ, ಮೈದಾನ ದಾಟಿದರೆ ಸಿಗುತ್ತೆ ಅಂದರು ನಿಮ್ಮಪ್ಪ. ಅರ್ಧ ತಂಡಕ್ಕೆ ಬೂಟು ಇರಲಿಲ್ಲ. ಇದ್ದ ಹನ್ನೊಂದು ಅಂಗಿ ಒಗೆಯುವುದು ನನ್ನ ಪಾಲಿನ ಸೇವೆ. ಒಮ್ಮೆ ಬಿಳಿ ಅಂಗಿಗಳ ಜೊತೆ ಕಾರ್ನರ್‌ನ ಕೆಂಪು ಬಾವುಟವನ್ನೂ ನೆನೆಹಾಕಿಬಿಟ್ಟೆ. ಇಡೀ ವರ್ಷ ಹುಡುಗರು ಗುಲಾಬಿ ಅಂಗಿ ತೊಟ್ಟು ಆಡಿದರು, ಊರೆಲ್ಲ ನಕ್ಕಿತು. ಅದೇ ವರ್ಷ ತಂಡ ಮೊದಲ ಬಾರಿ ಸೆಮಿಫೈನಲ್ ತಲುಪಿತು ಎಂಬುದನ್ನು ಮಾತ್ರ ಪುಸ್ತಕದಲ್ಲಿ ಬರೆದಿದ್ದೇನೆ.

ಒಂದೇ ವರ್ಷದಲ್ಲಿ ನಮ್ಮ ಒಂಬತ್ತು ಕಿಟಕಿಗಾಜು ಒಡೆದಾಗ ಕಾಲೇಜಿನವರು ಮನೆಯ ಸುತ್ತ ಹನ್ನೆರಡು ಅಡಿ ಎತ್ತರದ ತಂತಿ ಬಲೆ ಹಾಕಿ ಒಂದು ಗೇಟು ಇಟ್ಟರು. ಚೆಂಡು ಬರುವುದು ನಿಂತಿತು. ಅಕ್ಕಪಕ್ಕದವರು ಬರುವುದೂ ನಿಂತಿತು. ಆಮೇಲೊಂದು ಪಂದ್ಯಕ್ಕೆ ಜನ ನಮ್ಮ ಮಾಡಿನ ಮೇಲೇ ಹತ್ತಿ ಕೂತು ಹೆಂಚು ಪುಡಿಮಾಡಿದ್ದರಿಂದ ಪಂದ್ಯದ ದಿನ ಗೇಟಿಗೆ ಹೊರಗಿನಿಂದ ಬೀಗ ಎಂದಾಯಿತು. ಮೊದಮೊದಲು ಕೀಲಿ ಮೈದಾನದ ಜವಾನನ ಹತ್ತಿರ ಇರುತ್ತಿತ್ತು. ಒಂದು ದಿನ ನನಗೆ ಹಲ್ಲುನೋವು ತಡೆಯಲಾಗದೆ ಪಂದ್ಯದ ನಡುವೆ ಅವನಿಂದ ಗೇಟು ತೆಗೆಸಿಕೊಂಡು ಡಾಕ್ಟರ ಹತ್ತಿರ ಹೋದೆ. ಹತ್ತು ನಿಮಿಷದಲ್ಲಿ ಎರಡು ಗೋಲು ಬಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಗೋಲು ಕಾಯುವ ಗೋಲಿ ನನ್ನ ಗೇಟಿನ ಕಡೆ ಬೆರಳು ತೋರಿಸಿದ. ನಿಮ್ಮಪ್ಪ ಅದನ್ನು ನಂಬಿದರು. ಗೇಟು ಮುಚ್ಚಿದ್ರೆ ಗೋಲೂ ಮುಚ್ಚಿರುತ್ತೆ ಎಂದು ಸೀಟಿಯ ದಾರಕ್ಕೇ ಕೀಲಿ ಪೋಣಿಸಿ ಕೊರಳಿಗೆ ಹಾಕಿಕೊಂಡರು. ವರ್ಷಕ್ಕೆ ಮೂವತ್ತು ಪಂದ್ಯ. ಆ ಮೂವತ್ತು ದಿನವೂ ನಾನು ಒಳಗೆ. ಜಗಳವಾಡಿದೆ, ಅತ್ತೆ, ಮಾತು ಬಿಟ್ಟೆ. ಆಮೇಲೆ ರೂಢಿಯಾಯಿತು ಎಂದು ಎಲ್ಲರಿಗೂ ಹೇಳುತ್ತಿದ್ದೆ. ರೂಢಿಯಾಗಲಿಲ್ಲ ಮಗಳೇ.

ತಂಡದ ಹತ್ತನೆಯ ವರ್ಷ ನೀನು ಹುಟ್ಟಿದೆ. ಆ ಬಲೆ ಹಿಡಿದುಕೊಂಡೇ ನಡೆಯಲು ಕಲಿತೆ. ಆ ಕಾಲಕ್ಕೆ 'ಗೋಡೆ' ಎಂದು ಹೆಸರಾದ ಹೊಸ ಗೋಲಿ ನಿನಗೆ ಬಲೆಯ ಕಣ್ಣಿನಿಂದ ಪೆಪ್ಪರ್‌ಮಿಂಟ್ ತೂರಿಸುತ್ತಿದ್ದ. ನೀನು ಪಂದ್ಯದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಹತ್ತಿ ನಿಂತು, ಕಂಡ ಬೀದಿ, ಮೋರಿ, ದೀಪದ ಕಂಬವನ್ನೆಲ್ಲ ಕಾಗದದ ಮೇಲೆ ಗುರುತು ಹಾಕುತ್ತಿದ್ದೆ. ಸರ್ವೆ ಕಲಿಯುವ ಕಾಲೇಜಿಗೆ ಅರ್ಜಿ ಹಾಕಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಪರೀಕ್ಷೆಗೆ ಒಂದೇ ಅವಕಾಶ, ಪಾಸಾದರೆ ನಾಲ್ಕು ವರ್ಷ ದೂರದ ಊರಿನಲ್ಲಿ ಓದು.

ಪರೀಕ್ಷೆಯ ದಿನವೇ ಫೈನಲ್ ಬಂತು. ಪಂದ್ಯ ಹನ್ನೆರಡೂವರೆಗೆ, ಪರೀಕ್ಷೆ ಎರಡೂವರೆಗೆ, ಪಂದ್ಯದ ದಿನದ ಪದ್ಧತಿಯಂತೆ ಗೇಟಿಗೆ ಬೆಳಿಗ್ಗೆಯೇ ಬೀಗ. ಹಾಫ್ ಟೈಮ್‌ನಲ್ಲಿ ಬಂದು ಗೇಟು ತೆಗೀತೀನಿ ಎಂದು ನಿಮ್ಮಪ್ಪ ನಿನಗೆ ಮಾತು ಕೊಟ್ಟಿದ್ದರು. ಹಾಫ್ ಟೈಮ್ ಹೊತ್ತಿಗೆ ತಂಡ ಒಂದು ಗೋಲು ಹಿಂದಿತ್ತು. ಅವರು ಬರಲಿಲ್ಲ. ಆಮೇಲೆ ಸಮ ಆಯಿತು, ಹೆಚ್ಚುವರಿ ಸಮಯ ಬಂತು, ಪೆನಾಲ್ಟಿ ಬಂತು. ನೀನು ಬಲೆ ಹಿಡಿದು ಕೂಗುತ್ತಿದ್ದೆ. ನಿನ್ನ ಪಕ್ಕದಲ್ಲಿ ನಾನೂ ಕೂಗುತ್ತಿದ್ದೆ. ಆ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ನಮ್ಮ ಗೋಲಿ ಕೊನೆಯ ಪೆನಾಲ್ಟಿ ತಡೆದ. ಹುಡುಗರು ನಿಮ್ಮಪ್ಪನನ್ನು ಹೆಗಲ ಮೇಲೆ ಹೊತ್ತು ನಮ್ಮ ಮುಂದೆಯೇ ಸುತ್ತು ಹಾಕಿದರು. ಗಂಟೆ ಮೂರೂಕಾಲು.

ಐವತ್ತು ವರ್ಷದಲ್ಲಿ ತಂಡ ಗೆದ್ದದ್ದು ಅದೊಂದೇ ಕಪ್ಪು. ಆ ದಿನದ ಫೋಟೋವನ್ನೇ ಮುಖಪುಟಕ್ಕೆ ಆರಿಸಿದ್ದಾರೆ. ಮೂಲೆಯಲ್ಲಿ, ಬಲೆಯ ಹಿಂದೆ, ಕಾಳಿನಷ್ಟು ಚಿಕ್ಕದಾಗಿ ನಾವಿಬ್ಬರೂ ಇದ್ದೇವೆ. ಯಾರೂ ಗಮನಿಸಿಲ್ಲ.

ಅಲ್ಲಿಂದ ಮುಂದಿನ ಚರಿತ್ರೆ ಬರೆಯಲು ಅರ್ಧ ಪುಟ ಸಾಕಾಯಿತು. ಹುಡುಗರು ಕ್ರಿಕೆಟ್ಟಿಗೆ ಹೋದರು, ಟ್ಯೂಷನ್‌ಗೆ ಹೋದರು. ಕೊನೆಯ ಪಂದ್ಯದಲ್ಲಿ ಒಂಬತ್ತೇ ಜನ ಆಡಿ ಏಳು ಗೋಲು ತಿಂದರು. ನಾಲ್ಕು ವರ್ಷದಿಂದ ತಂಡವೇ ಇಲ್ಲ. ನೀನು ರಿಜಿಸ್ಟ್ರಾರ್ ಕಚೇರಿ ಸೇರಿ, ಬೇರೆಯವರು ಅಳೆದ ಜಾಗಗಳ ಪತ್ರಕ್ಕೆ ಮೊಹರು ಹಾಕುತ್ತಾ ಇಪ್ಪತ್ತಮೂರು ವರ್ಷ ಅಪ್ಪನ ಜೊತೆ ಮಾತು ಬಿಟ್ಟೆ. ಬಂದರೂ ಗೇಟಿನ ಹೊರಗೇ ನಿಂತು ನನ್ನನ್ನು ಕರೆಯುತ್ತೀಯ. ಅವರು ಒಳಗಿನ ಕೋಣೆಗೆ ಹೋಗಿ ಕೂರುತ್ತಾರೆ. ನೀನು ಹೋದ ಮೇಲೆ, ಇಳಿದುಹೋಗಿದಾಳೆ ಅಲ್ವಾ, ಸರಿಯಾಗಿ ತಿಂತಾಳಂತಾ ಎಂದು ಕೇಳುತ್ತಾರೆ.

ನನಗೆ ನಿನ್ನ ಜೊತೆ ಬರುವ ಆಸೆ ಬೆಟ್ಟದಷ್ಟಿದೆ. ಬೀದಿಗೇ ತೆರೆಯುವ ಬಾಗಿಲಿನ ಮನೆಯಲ್ಲಿ ಒಂದು ದಿನವಾದರೂ ಇರಬೇಕು. ಪೆಟ್ಟಿಗೆ ಕಟ್ಟಿಯೂ ಇಟ್ಟಿದ್ದೇನೆ. ಆದರೆ ಎರಡು ದಿನದಿಂದ ಅದನ್ನು ಬಿಚ್ಚುತ್ತೇನೆ, ಮತ್ತೆ ಕಟ್ಟುತ್ತೇನೆ.

ಆರೋಗ್ಯ ನೋಡಿಕೋ.

ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ
ಅಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಫೈನಲ್‌ನ ಹಿಂದಿನ ದಿನ ನಿಮ್ಮಪ್ಪ ಪೇಟೆಗೆ ಹೋಗಿ ಇನ್ನೊಂದು ಕೀಲಿ ಮಾಡಿಸಿ ತಂದಿದ್ದರು. ತಮ್ಮ ನಂಬಿಕೆಯನ್ನು ತಾವೇ ಮುರಿದು ಅದನ್ನು ನನ್ನ ಕೈಗೆ ಕೊಟ್ಟು, ನಾನು ಬರದೇ ಹೋದ್ರೆ ಗೇಟಿನ ಸಂದಿಯಲ್ಲಿ ಕೈ ಹಾಕಿ ನೀನೇ ಬೀಗ ತೆಗೆದು ಅವಳನ್ನ ಕಳಿಸಿಬಿಡು ಅಂದಿದ್ದರು. ನಿನ್ನ ಪಕ್ಕದಲ್ಲಿ ನಿಂತು ಕೂಗಿದಾಗ ಒಂದು ಕೈಯಲ್ಲಿ ಬಲೆ ಅಲ್ಲಾಡಿಸುತ್ತಿದ್ದೆ, ಇನ್ನೊಂದು ಕೈಯ ಮುಷ್ಟಿಯಲ್ಲಿ ಆ ಕೀಲಿ ಇತ್ತು. ನೀನು ಹೋದರೆ ಇದರೊಳಗೆ ನಾನೊಬ್ಬಳೇ ಆಗುತ್ತೇನೆ ಎಂಬ ಭಯ ನನ್ನನ್ನು ಹಿಡಿದುಬಿಟ್ಟಿತ್ತು. ಕಪ್ಪು ಹಿಡಿದು ಒಳಗೆ ಬಂದವರು ನಿನ್ನ ಮುಖ ನೋಡಿದರು, ನನ್ನ ಮುಖ ನೋಡಿದರು, ಎಲ್ಲ ಅರ್ಥ ಮಾಡಿಕೊಂಡರು. ನೀನು ಅವರಿಗೆ ಬೈದದ್ದನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನಗೆ ಹೇಳಿದ್ದು ಒಂದೇ ಮಾತು: ನಮ್ಮಿಬ್ಬರಲ್ಲಿ ಅವಳಿಗೆ ಒಬ್ಬರಾದ್ರೂ ಉಳೀಬೇಕಲ್ಲ. ಇಂದಿನವರೆಗೆ ಅವರು ಆ ಮಾತು ಮತ್ತೆ ಎತ್ತಿಲ್ಲ. ಭಾನುವಾರ ಬಾ ಎಂದು ಕರೆಯುವ ಮುಖ ನನಗಿಲ್ಲ. ಬಂದರೆ, ಗಾಡಿಯಲ್ಲಿ ಜಾಗ ಒಬ್ಬರಿಗೇ ಇದ್ದರೆ, ಅವರನ್ನು ಕರೆದುಕೊಂಡು ಹೋಗು.