ರಚನಾಗೆ ಕಳಿಸದ ಸೀಸೆ

ಕೊಲಂಬಿಯಾ, ಮೇರಿಲ್ಯಾಂಡ್
8 ಅಕ್ಟೋಬರ್ 1997

ಪ್ರೀತಿಯ ಅಕ್ಕನಿಗೆ ಶೈಲಜಾಳ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ನಿನ್ನ ಕಾಗದಕ್ಕೆ ಎರಡು ವಾರ ಉತ್ತರ ಬರೆಯದ್ದಕ್ಕೆ ಬೈಯಬೇಡ. ನನ್ನ ಮುಖದ ರಗಳೆಯಲ್ಲೇ ಇದ್ದೆ.

ಕೆನ್ನೆಯ ಬಂಗಿನ ಕಲೆಗೆ ಚರ್ಮದ ಡಾಕ್ಟರ ಹತ್ತಿರ ಪೀಲ್ ಮಾಡಿಸಿಕೊಂಡೆ ಎಂದು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಅದರ ಒಂದು ಸೀಸೆ ಕಳಿಸು, ಹುಡುಗನ ಕಡೆಯವರು ನೋಡಲು ಬರುವಷ್ಟರಲ್ಲಿ ನನ್ನ ಮಗಳು ರಚನಾ ಬೆಳ್ಳಗಾಗಲಿ" ಎಂದು ಬರೆದಿದ್ದೀಯ. ಅಕ್ಕಾ, ಅದು ಸ್ನೋ ಪೌಡರ್ ಅಲ್ಲ, ಆಸಿಡ್! ಡಾಕ್ಟರಮ್ಮ ಗಡಿಯಾರ ನೋಡಿಕೊಂಡು ಹಚ್ಚಿ, ಮೂರೇ ನಿಮಿಷಕ್ಕೆ ತೊಳೆದರು. ಚುರುಚುರು ಎಂದಿತು. ಮೇಲಿನ ತೆಳು ಚರ್ಮ ನಾಲ್ಕೈದು ದಿನದಲ್ಲಿ ಉದುರಿ ಹೊಸದು ಬರುತ್ತದೆ. ಕಲೆ ತಿಳಿಯಾಗುತ್ತದೆ, ಹುಟ್ಟಿದ ಬಣ್ಣ ಬದಲಾಗುವುದಿಲ್ಲ. ನಮ್ಮಂಥ ಚರ್ಮಕ್ಕೆ ಸ್ವಲ್ಪ ಹೆಚ್ಚಾದರೂ ಕಪ್ಪು ಕಲೆ ಕೂರುತ್ತದಂತೆ. ಬಿಸಿಲಿಗೆ ಹೋಗಬೇಡ, ಮುಖಕ್ಕೆ ಏನೂ ಉಜ್ಜಬೇಡ ಎಂದು ಹತ್ತು ಸಲ ಹೇಳಿ ಕಳಿಸಿದರು.

ನಾನು ಕೇಳಬೇಕಲ್ಲ! ಮೂರನೇ ದಿನಕ್ಕೆ ಗೌರಿ ಹಬ್ಬ. ಅಭ್ಯಾಸಬಲ, ಸ್ನಾನ ಮಾಡುವಾಗ ಮುಖಕ್ಕೆ ಅರಿಶಿನ ತಿಕ್ಕಿಕೊಂಡುಬಿಟ್ಟೆ. ಸಾಲದ್ದಕ್ಕೆ ದೇವಸ್ಥಾನದ ಪಾರ್ಕಿಂಗ್ ಲಾಟಿನ ಬಿಸಿಲಲ್ಲಿ ಮಾತಾಡುತ್ತ ನಿಂತೆ. ಸಂಜೆಗೆ ಮುಖವೆಲ್ಲ ಉರಿ. "ಅಮ್ಮಾ, ಡಾಕ್ಟರ್ ಸನ್‌ಸ್ಕ್ರೀನ್ ಅಂದ್ರು, ಟರ್ಮರಿಕ್ ಅಲ್ಲ!" ಎಂದು ಮಗಳು ಮಾನ್ಯಾ ನಕ್ಕಳು. ನಮ್ಮ ಯಜಮಾನರು, "ಶೈಲೂ, ಸುಟ್ಟ ಬದನೆಕಾಯಿ ಥರ ಆಗಿದೀಯ, ಗೊಜ್ಜು ಮಾಡ್ಲಾ?" ಎಂದರು. ನನಗೂ ನಗು ಬಂತು. ಈಗ ಪರವಾಗಿಲ್ಲ. ಎಡಗೆನ್ನೆಯಲ್ಲೊಂದು ಹೊಸ ಕಲೆ ಕೂತಿದೆ, ನಿಧಾನಕ್ಕೆ ಮಾಸುತ್ತದಂತೆ.

ಆದ್ದರಿಂದ ಸೀಸೆ ಕಳಿಸುವುದಿಲ್ಲ. ಬೇಕಾದರೆ ಕೋಪ ಮಾಡಿಕೋ. ಡಾಕ್ಟರ ಕೈಯಲ್ಲಿ ಮಾಡಿಸಿಕೊಂಡ ನನಗೇ ಹೀಗಾದರೆ, ಮನೆಯಲ್ಲಿ ಹಚ್ಚಿದರೆ ಆ ಮಗುವಿನ ಮುಖದ ಗತಿ ಏನು? ರಚನಾ ಇರುವ ಹಾಗೇ ಲಕ್ಷಣವಾಗಿದ್ದಾಳೆ. ಒಳ್ಳೆಯ ಮನೆ ಸೇರಲಿ, ಚೆನ್ನಾಗಿ ಬಾಳಲಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ
ಶೈಲಾ

ಇನ್ನೊಂದು ಮಾತು. ಸೀಸೆ ಯಾಕೆ ಕೇಳಿದೆ ಎಂದು ನನಗೆ ಗೊತ್ತು ಅಕ್ಕಾ. ಇಪ್ಪತ್ತೈದು ವರ್ಷದಿಂದ ನಾವಿಬ್ಬರೂ ಬಾಯಿಬಿಡದ ಮಾತು ಅದು. ನಮ್ಮ ಯಜಮಾನರು ಅವತ್ತು ಹೆಣ್ಣು ನೋಡಲು ಬಂದದ್ದು ನಿನ್ನನ್ನು. "ಬೆಳ್ಳಗಿರೋ ಚಿಕ್ಕೋಳು ಆಗ್ಬಹುದು" ಎಂದು ನಮ್ಮತ್ತೆ ಹೇಳಿಕಳಿಸಿದಾಗ, ನೀನೇ ನಿನ್ನ ಜಡೆಯ ಮಲ್ಲಿಗೆ ತೆಗೆದು ನನಗೆ ಮುಡಿಸಿದೆ. ನಾನು ಬೇಡ ಎನ್ನಲಿಲ್ಲ.