ಕೋಳಿಗಳನ್ನು ಕೊಟ್ಟ ದಿನ

ಅಕ್ಟೋಬರ್ ೧೪, ಮಂಗಳವಾರ

ಕೋಳಿಗಳನ್ನು ಇವತ್ತು ಪಕ್ಕದ ಮನೆಯ ನೋರೀನ್‌ಗೆ ಕೊಟ್ಟುಬಿಟ್ಟೆ. ಗೋಧಿ ನನಗೆ ಆಗದು. ಧೂಳು ಬಾಯಿಗೆ ಹೋದರೂ ಸಾಕು, ಹೊಟ್ಟೆ ಹಿಂಡುತ್ತದೆ. ಇಷ್ಟು ವರ್ಷ ಅವಕ್ಕೆ ಗೋಧಿಕಾಳು ಹಾಕುತ್ತಿದ್ದವನು ನನ್ನ ಗಂಡ ಫಿಂಟನ್. ಮರೆವಿನ ಕಾಯಿಲೆಯಾಗಿ ಅವನು ಗಾಲ್ವೇಯ ಆರೈಕೆ ಮನೆ ಸೇರಿದ ಮೇಲೆ ನಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಕಿದೆ. ದಿನವೂ ನರಳಿದೆ.

ಮಧ್ಯಾಹ್ನ ಅವನನ್ನು ನೋಡಲು ಅಲ್ಲಿಗೆ ಹೋಗಿ, "ಫಿಂಟನ್, ನಮ್ಮ ಕೋಳಿಗಳು..." ಎಂದೆ. ಅಷ್ಟಕ್ಕೇ ಗಾಬರಿಯಾದ.

"ಕಾಳು ಹಾಕೋಕೆ ನನ್ನ ಹೆಂಡ್ತೀನ ಬಿಡ್ಬೇಡಿ ಮೇಡಂ! ಆ ಧೂಳು ಅವಳಿಗೆ ಆಗಲ್ಲ. ನಾನೇ ಬಂದು ಹಾಕ್ತೀನಿ ಅಂತ ಅವಳಿಗೆ ಹೇಳ್ತೀರಾ?"

"ಹೇಳ್ತೀನಿ" ಎಂದೆ.

"ದೊಡ್ಡ ಉಪಕಾರ ಆಯ್ತು" ಎಂದು ಕೈ ಕುಲುಕಿ, ಯಾರೋ ಅತಿಥಿಯನ್ನು ಕಳಿಸುವಂತೆ ನನ್ನನ್ನು ಬಾಗಿಲವರೆಗೆ ಬಂದು ಕಳಿಸಿಕೊಟ್ಟ.