ಟೈರಿಗೆ ಮೀಸೆಯ ಅಂಟು

ಗುರುವಾರ, ಮಧ್ಯಾಹ್ನ

ಮಹಾಜನಗಳೇ!

ಹೌದು, ನೀವೇ. ಮೇಜಿನ ತಲೆಯಲ್ಲಿ ಕೂತಿರುವ ಅತ್ತೆಯವರೇ, ಪಕ್ಕದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಿರುವ ಅತ್ತಿಗೆಯವರೇ, ಎರಡನೇ ಸಲ ಬಡಿಸಿಕೊಳ್ಳುತ್ತಿರುವ ಷಡ್ಡಕರೇ! ನನ್ನ ಹೆಂಡತಿ ಈ ಪತ್ರವನ್ನು ನಿಮ್ಮೆಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾಳೆಂದು ನನಗೆ ಗೊತ್ತು. ಓದಲಿ. ಖಾಲಿ ಸಭೆಗೆ ಮಾತಾಡಿ ನನಗೂ ಅಭ್ಯಾಸವಿಲ್ಲ. ನಿಶ್ಶಬ್ದ! ಪರದೆ ಏಳುತ್ತಿದೆ.

ಪ್ರಿಯೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನೀನು ಅಕ್ಕನ ಮನೆಗೆ ಹೋದ ಮೇಲೆ ಇಲ್ಲಿ ಎಲ್ಲವೂ ಕ್ಷೇಮ. ಬಚ್ಚಲುಮನೆಯ ಗೋಡೆಯ ವಿಷಯ ಆಮೇಲೆ ಬರೆಯುತ್ತೇನೆ.

ಕಥೆ ಗೊತ್ತಿಲ್ಲದ ಸಭಿಕರಿಗೆ ಮೊದಲು ಪೀಠಿಕೆ. ಬರುವ ಭಾನುವಾರ ಜಲ್ಲಿ ದಾರಿಯ ಜೋಡಿ ಸೈಕಲ್ ಓಟ. ಜೋಡಿಯ ಇಬ್ಬರೂ ಒಟ್ಟಿಗೇ ಗೆರೆ ದಾಟಬೇಕು. ಒಬ್ಬರು ಹಿಂದೆ ಬಿದ್ದರೆ ಇಬ್ಬರೂ ಹಿಂದೆ. ಹೋದ ವರ್ಷ ನನ್ನ ಟ್ಯೂಬು ಚೂಪು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತಾಗಿ ಕೂತಿತು. ತೇಪೆ ಹಾಕಿದೆ. ಮತ್ತೆ ಕೂತಿತು. ನಾನು ಧೂಳಿನಲ್ಲಿ ಮಂಡಿಯೂರಿ ಪಂಪು ಹೊಡೆಯುತ್ತಿದ್ದರೆ ಹಲ್ಲಿನ ಡಾಕ್ಟರೂ ಅವರ ತಾಯಿಯೂ, ತಾಯಿಯೂ!, ಕೈಬೀಸಿ ಮುಂದೆ ಹೋದರು. ನೀನು ಅಲ್ಲೇ ಹೇಳಿದೆ: "ಮುಂದಿನ ಸಲ ಟ್ಯೂಬ್‌ಲೆಸ್. ಒಳಗೆ ಟ್ಯೂಬೇ ಇಲ್ದಿದ್ರೆ ಕಲ್ಲು ಯಾವುದನ್ನ ಕಚ್ಚುತ್ತೆ? ಗಾಳಿ ಸ್ವಲ್ಪ ಕಮ್ಮಿ ಇಟ್ಕೊಂಡು ಮೆತ್ತಗೆ ಹೋಗಬಹುದು. ಒಳಗೆ ಹಾಕೋ ಸೀಲೆಂಟ್ ಹಾಲಿನ ಥರ ಓಡಾಡ್ತಾ ಇರುತ್ತೆ, ಮುಳ್ಳು ಚುಚ್ಚಿದ ಕಡೆ ತಾನೇ ಗಟ್ಟಿಯಾಗಿ ತೂತು ಮುಚ್ಚುತ್ತೆ."

ನಾನು ಒಪ್ಪುವವನೇ? "ಟ್ಯೂಬು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ತೂತಾದರೆ ತೇಪೆ ಹಾಕಿಸಿಕೊಳ್ಳುತ್ತದೆ. ಹಾಲು ಕುಡಿಸಲು ಟೈರೇನು ಎಳೆಗೂಸೇ?" ಎಂದು ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಎಷ್ಟು ಸಲ ಗುಡುಗಿದ್ದೇನೋ!

ಹೋದ ಶನಿವಾರ ನೆಂಟರ ಎದುರು ನೀನೇ ಒಂದು ಹೆಜ್ಜೆ ಇಳಿದು ಬಂದೆ. "ಆಯ್ತು ರೀ, ಟ್ಯೂಬ್‌ಲೆಸ್ ಹಾಕೋಣ, ಟೈರ್ ದೊಡ್ಡದಾಗಿ ಹರಿದ್ರೆ ಇರಲಿ ಅಂತ ಚೀಲದಲ್ಲಿ ಒಂದು ಟ್ಯೂಬೂ ಇಟ್ಕೊಳ್ಳೋಣ" ಎಂದೆ. ಅಲ್ಲಿಗೆ ಜಗಳ ಮುಗಿಯಬೇಕಿತ್ತು. ನಾನು ಎದ್ದು ನಿಂತೆ. ಎದೆ ತಟ್ಟಿದೆ. "ನೋಡಿರಿ, ನೋಡಿರಿ! ಸೋಲೊಪ್ಪಿ ನನ್ನ ಟ್ಯೂಬನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಟಿದ್ದಾಳೆ!" ನೆಂಟರು ಬಿದ್ದು ಬಿದ್ದು ನಕ್ಕರು. ನೀನು ನಗಲಿಲ್ಲ. ಸೀಲೆಂಟ್ ಬಾಟಲಿಯನ್ನು ಕೈಚೀಲಕ್ಕೆ ಹಾಕಿಕೊಂಡೆ. "ಓಟಕ್ಕೆ ನಾನು ಭಾವನ ಜೊತೆ ಹೋಗ್ತೀನಿ. ನೀವು ನಿಮ್ಮ ಟ್ಯೂಬಿಗೆ ಜೋಡಿ ಆಗಿ" ಎಂದು ಬಸ್ಸು ಹತ್ತಿದೆ.

ಷಡ್ಡಕರೇ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಏರು ಬಂದರೆ ನೀವು ಇಳಿದು ತಳ್ಳುತ್ತೀರೆಂದು ಎಲ್ಲರಿಗೂ ಗೊತ್ತಿರುವುದನ್ನು ನಾನೇಕೆ ಹೇಳಲಿ?

ಎರಡನೇ ಅಂಕ. ನೀನು ಹೋದ ಮೇಲೆ ಮನೆಯಲ್ಲಿ ನನ್ನ ಮಾತು ನನಗೇ ಕೇಳಿಸತೊಡಗಿತು. ಸಹಿಸಲಾಗಲಿಲ್ಲ. ಟ್ಯೂಬ್‌ಲೆಸ್ ಮಾಡಿ ತೋರಿಸಿಯೇ ನಿನ್ನನ್ನು ಕರೆತರುತ್ತೇನೆಂದು, ನೀನು ತಂದಿಟ್ಟಿದ್ದ ಹೊಸ ಟೈರುಗಳಲ್ಲಿ ಒಂದನ್ನು ನನ್ನ ಹಿಂದಿನ ಚಕ್ರಕ್ಕೆ ತೊಡಿಸಿದೆ. ಸೀಲೆಂಟ್? ಅದು ನಿನ್ನ ಕೈಚೀಲದಲ್ಲಿ. ಅಂಗಡಿಯಲ್ಲಿ ಕೇಳಲು ಯಾವ ಮುಖ? ಆಗ ಹೊಳೆಯಿತು. ನಮ್ಮ ನಾಟಕ ಮಂಡಳಿಯಲ್ಲಿ ಮೀಸೆ, ಗಡ್ಡ ಅಂಟಿಸುವ ಅಂಟಿದೆ. ಬೆವರು ಧಾರಾಕಾರ ಸುರಿದರೂ, ಕತ್ತಿಗೆ ಕತ್ತಿ ತಾಗಿದರೂ ಮೀಸೆ ಕದಲದು. ಅದರ ಮುಂದೆ ಮುಳ್ಳು ಯಾವ ಲೆಕ್ಕ!

ಬಚ್ಚಲುಮನೆಯಲ್ಲಿ ಕೂತು ಇಡೀ ಬಾಟಲಿ ಸುರಿದೆ. ಪಂಪು ಹೊಡೆದೆ, ಹೊಡೆದೆ, ಹೊಡೆದೆ. ಢಮಾರ್! ಟೈರು ರಿಮ್ಮಿನಲ್ಲಿ ಕೂತಿತು. ಅಂಟು ಗೋಡೆಯಲ್ಲಿ, ಕನ್ನಡಿಯಲ್ಲಿ, ನನ್ನ ಹುಬ್ಬಿನಲ್ಲಿ ಕೂತಿತು. ಟವೆಲ್ಲಿನಿಂದ ಗೋಡೆ ಒರೆಸಿದೆ. ಟವೆಲ್ ಈಗಲೂ ಗೋಡೆಯ ಮೇಲೇ ಇದೆ, ಮೊಳೆಯ ಹಂಗಿಲ್ಲದೆ.

ಅಂದು ಸಂಜೆಯೇ ಪ್ರದರ್ಶನ. ಮಂಡಳಿಯಲ್ಲಿ ಬಣ್ಣ ಹಚ್ಚುವವಳು ನೇಪಥ್ಯದಲ್ಲಿ ಕಿರುಚಿದಳು: "ನನ್ನ ಅಂಟು ಎತ್ತಿದ್ದು ಯಾರಯ್ಯಾ? ರಾಜ ಬೋಳು ಗಲ್ಲ ಇಟ್ಕೊಂಡು ಕೂತಿದಾನೆ!" ರಾಜ ಗಡ್ಡವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ದರ್ಬಾರು ನಡೆಸಿದ. ಎಷ್ಟು ಆಳವಾಗಿ ಯೋಚಿಸುವ ದೊರೆ ಎಂದು ಜನ ಮೆಚ್ಚಿಕೊಂಡರು. ಬಣ್ಣದವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಣ್ಣಾ, ಎಲ್ಲಿ, ಹುಬ್ಬು ಒಂಚೂರು ಅಲ್ಲಾಡಿಸು." ಅಲ್ಲಾಡಲಿಲ್ಲ. ಸಿಕ್ಕಿಬಿದ್ದೆ. ಈ ಪತ್ರ ತರುತ್ತಿರುವವಳು ಅವಳೇ. ಮಿಕ್ಕ ಬೈಗುಳವನ್ನು ಅವಳ ಬಾಯಲ್ಲೇ ಕೇಳಿರಿ.

ಬೆಳಗಾಗುವಷ್ಟರಲ್ಲಿ ಟೈರಿನ ಗಾಳಿ ಅರ್ಧ ಇಳಿದಿತ್ತು. ಒಳಗೆ ಓಡಾಡಬೇಕಾದದ್ದು ಒಂದೇ ಕಡೆ ಕಲ್ಲಾಗಿ, ಚಕ್ರ ತಿರುಗಿದಾಗಲೆಲ್ಲ ತಪ್ ತಪ್ ಎನ್ನುತ್ತದೆ. ಓಡಾಡಬೇಕೆಂದು ನೀನು ಹೇಳಿದ್ದೆ. ಆಗ ನಾನು ಮಾತಾಡುತ್ತಿದ್ದೆ. ಹೋಗಲಿ, ಟ್ಯೂಬೇ ಹಾಕೋಣವೆಂದರೆ ಟೈರು ರಿಮ್ಮನ್ನು ಬಿಡುತ್ತಿಲ್ಲ. ಟೈರು ಬಿಚ್ಚುವ ಸನ್ನೆಕಡ್ಡಿ ಮುರಿಯಿತು. ಅಡುಗೆಮನೆಯ ದೊಡ್ಡ ಚಮಚ ಬಾಗಿತು. ಕೊನೆಗೆ ಅಂಗಡಿಗೇ ಹೊತ್ತೊಯ್ದೆ. ಅಂಗಡಿಯವನು ಮೂಸಿ ನೋಡಿ, "ಸ್ವಾಮೀ, ಇದು ನನ್ನ ಕೈಲಿ ಆಗಲ್ಲ, ಕಟಿಂಗ್ ಶಾಪಿಗೆ ತಗೊಂಡ್ಹೋಗಿ" ಎಂದ. ಟ್ಯೂಬ್ ಹಾಕಲಾಗದ, ಟ್ಯೂಬ್‌ಲೆಸ್ಸೂ ಆಗದ ಚಕ್ರವೊಂದು ಈ ಭೂಮಂಡಲದಲ್ಲಿದ್ದರೆ ಅದು ನಮ್ಮ ಪಡಸಾಲೆಯಲ್ಲಿದೆ.

ಪ್ರಿಯೆ, ಅಂದು ನೀನು ಸೋತಿರಲಿಲ್ಲ. ನನಗೂ ನಿನ್ನ ಚೀಲದಲ್ಲಿ ಜಾಗ ಬಿಟ್ಟಿದ್ದೆ, ಅಷ್ಟೇ. ಅದನ್ನು ನಾನು ನೆಂಟರ ನಗುವಿಗೆ ಮಾರಿಕೊಂಡೆ. ಜೋಡಿಯ ಹೆಸರು ಬದಲಿಸಲು ಶನಿವಾರ ಕೊನೆಯ ದಿನವಂತೆ. ಬದಲಿಸಬೇಡ.

ಇನ್ನೂ ನಿನ್ನ ಜೋಡಿ ಎಂದುಕೊಂಡಿರುವ,
ಗುಡುಗು

ವಿ.ಸೂ.: ಇದೊಂದನ್ನು ಗಟ್ಟಿಯಾಗಿ ಓದಬೇಡ. ಮೇಲೆ "ನನ್ನ ಹಿಂದಿನ ಚಕ್ರ" ಎಂದು ಬರೆದೆನಲ್ಲ, ಅದು ನಾಟಕದ ಮಾತು. ಚಕ್ರ ನಿನ್ನದು. ನನ್ನದರ ಮೇಲೆ ಪ್ರಯೋಗ ಮಾಡಲು ಧೈರ್ಯ ಸಾಲಲಿಲ್ಲ. ಆ ತಪ್ ತಪ್ ಇನ್ನು ನನಗಿರಲಿ. ಅದರ ಮೇಲೆ ಕೂತು ನಿನ್ನ ಹಿಂದೆ ಬರುತ್ತೇನೆ, ಗಾಳಿ ಇಳಿದಲ್ಲಿ ಹೊತ್ತುಕೊಂಡು ಓಡುತ್ತೇನೆ, ನೀನು ಗೆರೆಯ ಹತ್ತಿರ ಕಾದರೆ ಸಾಕು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಒಳ್ಳೆಯ ಚಕ್ರವನ್ನೂ ಉಳಿದ ಹೊಸ ಟೈರನ್ನೂ ನಿನ್ನ ಸೈಕಲ್ಲಿಗೆಂದು ಹೆಗಲಿಗೇರಿಸಿಕೊಂಡು ಬರುತ್ತೇನೆ. ನೀನು ನಿನ್ನ ಕೈಯಾರೆ ಸೀಲೆಂಟ್ ಹಾಕು. ಹಾಕಿ ಮುಗಿಸುವ ತನಕ ನಾನು ಚಕ್ರ ಹಿಡಿದು ನಿಂತಿರುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ.